ಕುಲುಕುವ ಜೀಪು

"ಗಾಡಿ ಕುಲುಕಬೇಕ್ರಿ ಚಾಚಾ. ಡಾಂಬರಿನ ಮ್ಯಾಲೂ ಕುಲುಕಬೇಕು," ಅಂದ ಉದಯಕುಮಾರ.

ವಜೀರ ವೆಲ್ಡಿಂಗಿನ ಕರಿ ಕನ್ನಡಕ ಹಣೆಗೇರಿಸಿ ಅವನ ಮುಖ ನೋಡಿದ. ಜೋಯಿಡಾದಲ್ಲಿ ವಜೀರನ ಗ್ಯಾರೇಜು ಹೆಸರು ಮಾಡಿದ್ದೇ ಕುಲುಕು ತೆಗೆಯುವುದಕ್ಕೆ. ಕಾಡುದಾರಿಯ ಜೀಪು ಯಾವುದೇ ಬರಲಿ, ಕೆಲಸ ಮುಗಿದ ಮೇಲೆ ಸೀಟಿನ ಮೇಲೆ ತುಂಬಿದ ಚಹಾದ ಗ್ಲಾಸಿಟ್ಟು ಒಂದು ಸುತ್ತು ಹೊಡೆಸುವನು. ಚಹಾ ಚೆಲ್ಲಿತೋ, ಗಾಡಿ ಮತ್ತೆ ಒಳಗೆ. ಆ ಗ್ಲಾಸಿನ ಬಗ್ಗೆ ಅವನಿಗಿದ್ದ ಹಮ್ಮು ಅಷ್ಟಿಷ್ಟಲ್ಲ.

ಉದಯಕುಮಾರನ ಸಂಕಟವೂ ಸುಳ್ಳಲ್ಲ. ಪ್ರವಾಸಿಗರನ್ನು ಸೂಪಾ ಹಿನ್ನೀರಿನ ಕಡೆ ಕರೆದೊಯ್ದು ಎಲುಬು ಸಡಿಲಿಸಿ ಕಳಿಸುವುದೇ ಅವನ ದಂಧೆ. ಈಗ ಆ ಗುಂಡಿ ದಾರಿಗೆಲ್ಲ ಡಾಂಬರು ಬಿದ್ದಿತ್ತು. ಮೊನ್ನೆ ಒಂದು ಕುಟುಂಬ ಹೋಗುತ್ತಾ ಬರುತ್ತಾ ನಿದ್ದೆ ಹೊಡೆದು, ಇಳಿದ ಮೇಲೆ ಅಡ್ವೆಂಚರ್ ಎಲ್ಲಿ ಎಂದು ಜಗಳ ತೆಗೆದಿತ್ತಂತೆ.

ಇಂಥ ಹೊಲಸು ಕೆಲಸ ತನ್ನಿಂದಾಗದು ಎಂದು ವಜೀರ ಎದ್ದೇಬಿಟ್ಟ. ಹಳಿಯಾಳದ ಗ್ಯಾರೇಜಿನ ಮೇಸ್ತ್ರಿ ಮಾಡಿಕೊಡುತ್ತಾನಂತೆ ಎಂದ ಉದಯಕುಮಾರ, ಯಾರಿಗೋ ಹೇಳುವಂತೆ. ವಜೀರ ಮತ್ತೆ ಕೂತ.

ಹಟಕ್ಕೆ ಬಿದ್ದು ದುಡಿದ. ಕುಲುಕು ನುಂಗುವ ಕಮಾನಿನ ಉಕ್ಕಿನ ಪಾಟಾಗಳು ಬಾಗದಂತೆ ಒಂದಕ್ಕೊಂದು ಬೆಸೆದ. ಗಾಲಿ ಅಚ್ಚಿಗೆ ನಟ್ಟನಡುವೆ ಕೂರದೆ ಬೆರಳಗಲ ಪಕ್ಕಕ್ಕೆ ಸರಿದು ಕೂರುವಂತೆ ಕಬ್ಬಿಣದ ಬಿಲ್ಲೆ ಕೊರೆದು ವೆಲ್ಡ್ ಮಾಡಿದ. ಗಾಲಿ ಒಂದು ಸುತ್ತು ತಿರುಗಿದರೆ ಜೀಪು ಒಂದು ಸಲ ಎದ್ದು ಬೀಳಬೇಕು. ಸ್ಟೇರಿಂಗ್ ಡ್ರೈವರನ ಕೈಯಲ್ಲಿ ಗಡಗಡ ನಡುಗಬೇಕು, ಗಾಡಿ ಮಾತ್ರ ನೆಟ್ಟಗೆ ಹೋಗಬೇಕು. ಅದನ್ನೂ ಸಾಧಿಸಿದ. ಕೊನೆಗೆ ಗ್ಲಾಸು ತುಂಬಿಟ್ಟು ಹೊಸ ರಸ್ತೆಗೆ ಬಿಟ್ಟರೆ, ಮೊದಲ ತಿರುವಿನಲ್ಲಿ ಚಹಾ ಹಾಗಿರಲಿ, ಗ್ಲಾಸೇ ಇರಲಿಲ್ಲ. ವಜೀರ ಎಳೆ ಹುಡುಗನಂತೆ ಚಪ್ಪಾಳೆ ತಟ್ಟಿದ.

ಪ್ರವಾಸಿಗರು ನಡ ಹಿಡಿದುಕೊಂಡು ಇಳಿದು, ಜೀಪಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗತೊಡಗಿದರು.

ಒಂದು ಬೆಳಿಗ್ಗೆ ವಜೀರನ ಹೆಂಡತಿ ರೋಷನಬಿ ನೀರಿನ ಕೊಡ ಎತ್ತಲು ಬಗ್ಗಿದವಳು ಮೇಲೇಳಲಿಲ್ಲ. ನಡ ಹಿಡಿದಿತ್ತು. ದಾಂಡೇಲಿಯ ದವಾಖಾನೆಗೆ ಒಯ್ಯೋಣವೆಂದರೆ ಒಂದು ಗಾಡಿಯೂ ಸಿಗಲಿಲ್ಲ. ಸುದ್ದಿ ಕೇಳಿದ ಉದಯಕುಮಾರ ಓಡಿಬಂದು ತನ್ನ ಜೀಪನ್ನು ಬಾಗಿಲಿಗೇ ತಂದು ನಿಲ್ಲಿಸಿದ. ವಜೀರ ಒಮ್ಮೆ ಅದರ ಗಾಲಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿ, ಅವಳನ್ನು ಎತ್ತಿಕೊಂಡ.

ರೋಷನಬಿ ಒಂದು ಸೀಟಿನ ಮೇಲೆ ಕಣ್ಣು ಮುಚ್ಚಿ ಮಲಗಿದಳು, ಎದುರಿನ ಸೀಟಿನಲ್ಲಿ ವಜೀರ ಕೂತ. ಗಾಲಿಯ ಸುತ್ತಿಗೊಂದು ಏಟು. ಏಟಿಗೊಮ್ಮೆ ಅವಳು ಹಲ್ಲು ಕಚ್ಚುತ್ತಿದ್ದಳು. ಜೀಪು ಮಾತ್ರ ಅವನು ಹೇಳಿಕೊಟ್ಟದ್ದನ್ನು ಒಂದೂ ತಪ್ಪದೆ ಒಪ್ಪಿಸುತ್ತಿತ್ತು.

"ಹೊಸಾ ರಸ್ತಾ ಮಾಡ್ಯಾರ ಅಂದಿದ್ರಲ್ಲರೀ," ಎಂದು ಅವಳು ನರಳಿದಳು. "ಇದನ್ನ ಮಾಡಿದಾವನ ಕೈ ಸೇದಿ ಹೋಗ್ಲಿ."

ವಜೀರ ಹಿಡಿದುಕೊಂಡಿದ್ದ ಸರಳು ಬಿಟ್ಟು, ಎರಡೂ ಕೈಗಳನ್ನು ಮೆಲ್ಲಗೆ ಜೇಬಿನೊಳಗಿಟ್ಟುಕೊಂಡ. ಅಲ್ಲಿಂದ ದಾಂಡೇಲಿಯವರೆಗೆ ಅವನ ತಲೆ, ಗಾಲಿ ತಿರುಗಿದಂತೆಲ್ಲ, ಮೇಲಿನ ಕಬ್ಬಿಣಕ್ಕೆ ಬಡಿಯುತ್ತಲೇ ಹೋಯಿತು.