ಇಪ್ಪತ್ತು ವರ್ಷ ಕಾದ ಶಂಖ

ನಮ್ಮೂರ ಕಡಲ ದಡದಲ್ಲಿ ಆಡಿದ ಮಾತು ಶಂಖದೊಳಗೆ ಉಳಿಯುತ್ತದೆ. ಪ್ರವಾಸಿಗರು ಬರುವುದೇ ಅದಕ್ಕೆ. ಗೈಡ್ ಆದ ನಾನು ಕೋಟೆ, ದೀಪಸ್ತಂಭ ತೋರಿಸಿ, ಕೊನೆಗೆ ಪೋರ್ಚುಗೀಸ್ ಕಪ್ತಾನನ ಬೈಗುಳ ಕೇಳಿಸುತ್ತೇನೆ. ಎಲ್ಲರೂ ನಗುತ್ತಾರೆ.

ಇವತ್ತು ರೆಸಾರ್ಟ್ ಮಾಲೀಕ ವಾಮನರಾಯರು ಮಗಳೊಂದಿಗೆ ಬಂದಿದ್ದರು. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಅವರ ರೆಸಾರ್ಟ್ ಇರುವ ಜಾಗದಲ್ಲೇ ನಮ್ಮ ಗುಡಿಸಲಿತ್ತು. ಅಮ್ಮ ಅದರೊಳಗೇ ಬೆಂದುಹೋದಳು. ಶಂಖದ ಸಾಕ್ಷಿ ಕೋರ್ಟಿನಲ್ಲಿ ನಡೆಯುವುದಿಲ್ಲ. ಮನೆಯವರ ಮುಂದೆ ನಡೆಯುತ್ತದೆ.

ನಾನು ಚೀಲದಿಂದ ಬೇರೊಂದು ಶಂಖ ತೆಗೆದೆ.

“ಇದು ಯಾವ ಕಾಲದ್ದು?” ಮಗಳು ಕೇಳಿದಳು.

“ಇಪ್ಪತ್ತು ವರ್ಷ ಆಯ್ತು. ಕೇಳಿ ನೋಡಿ.”

ಅವಳು ಕಿವಿಗಿಟ್ಟುಕೊಂಡಳು. ಒಳಗಿರುವ ಮಾತು ನನಗೆ ಬಾಯಿಪಾಠ.

“ಒಳಗೆ ಹೆಂಗಸು ಇದ್ದಾಳೆ ಮಾರಾಯ್ರೆ.”

“ಇರ್ಲಿ. ಬೆಂಕಿ ಕೊಡು.”

ಮಗಳು ಶಂಖ ಇಳಿಸದೆ ತಂದೆಯತ್ತ ತಿರುಗಿದಳು.

“ಅಪ್ಪಾ, ಒಂದ್ಸಲ ‘ಇರ್ಲಿ’ ಅಂತ ಹೇಳಿ.”