ಬೆರಳು ಅದ್ದದ ಹೆಪ್ಪು

ಸೊಸೆ ಪೂರ್ವಿ ಪುಡಿಯ ಪೊಟ್ಟಣಗಳನ್ನು ತಂದು ಮೊಸರಿನ ಭರಣಿಯ ಪಕ್ಕದಲ್ಲೇ ಇಟ್ಟಾಗ ಸುಂದರಮ್ಮನಿಗೆ ಮೈಯೆಲ್ಲ ಉರಿಯಿತು.

"ಅತ್ತೆ, ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಮಾನ್ಯಳಿಗೆ ಕೊಡಿ. ಒಳ್ಳೆ ಬ್ಯಾಕ್ಟೀರಿಯಾ ಅಂತೆ, ಜೀವ ಇರುವಂಥದ್ದು. ಪುನಃ ಹೊಟ್ಟೆ ಕೆಡದ ಹಾಗೆ ಕಾಯ್ತದಂತೆ."

"ಇಷ್ಟು ದಿನ ನನ್ನ ಮೊಸರು ಕಾಯ್ಲಿಲ್ವಾ?"

"ಕಾಯ್ತು ಅತ್ತೆ. ಆದ್ರೆ ಈ ಮಳೆಗಾಲದಲ್ಲಿ ಮೂರು ಸಲ ಭೇದಿ ಆಯ್ತಲ್ಲ," ಎಂದು ಪೂರ್ವಿ ಸೆಕ್ಟರ್ ಫೈವ್‌ನ ಆಫೀಸಿಗೆ ಹೋಗುವ ಕ್ಯಾಬಿಗೆ ಓಡಿದಳು.

ಕೋಲ್ಕತ್ತದ ಸಿಯಾಲ್ದಾದಲ್ಲಿದ್ದ ಅವರ ಇಡ್ಲಿ ಹೋಟೆಲಿಗೆ ಜನ ಬರುತ್ತಿದ್ದದ್ದೇ ಸುಂದರಮ್ಮನ ಮೊಸರಿಗಾಗಿ. ಮೂವತ್ತು ವರ್ಷದ ಹಿಂದೆ ಉಡುಪಿಯಿಂದ ರೈಲಿನಲ್ಲಿ ಅವಳ ಮಡಿಲಲ್ಲಿ ಬಂದ ಹೆಪ್ಪು ಒಂದು ದಿನವೂ ತಪ್ಪಿರಲಿಲ್ಲ. ಈಗ ಎರಡು ಚಿಟಿಕೆ ಪುಡಿ ಬಂದು ಅದರ ಪಕ್ಕದಲ್ಲಿ ಸಮಸಮ ಕೂತಿದೆ. ಮೊಮ್ಮಗಳು ಚೇತರಿಸಿಕೊಂಡರೆ ಹೆಸರು ಯಾರಿಗೆ? ಸೊಸೆಗೆ! ಹೊಟ್ಟೆಕಿಚ್ಚಿಗೆ ಇನ್ನೂ ಯಾವ ಡಾಕ್ಟರೂ ಪುಡಿ ಬರೆದಿಲ್ಲ.

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಸುಡುವ ಹಾಲಿಗೆ ಬಿದ್ದ ಹೆಪ್ಪು ಸಾಯುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಅದೇ ನೀರನ್ನು ಲೋಟಕ್ಕೆ ಬಗ್ಗಿಸಿ ಪುಡಿ ಸುರಿದಳು. ಸಾಯಲಿ, ಇದರ ಬಡಿವಾರ ಎಷ್ಟು ದಿನ ನೋಡೋಣ.

"ಅಜ್ಜೀ, ನೀನು ಫಿಂಗರ್ ಡಿಪ್ ಮಾಡ್ಲೇ ಇಲ್ಲ!"

ಆರು ವರ್ಷದ ಮಾನ್ಯ ಬಾಗಿಲಲ್ಲಿ ನಿಂತಿದ್ದಳು. "ದೋಯಿ ಮಾಡುವಾಗ ದಿನಾ ಮಾಡ್ತಿ ಅಲ್ವಾ? ಬೆರಳು ಇಟ್ಟು, ಸುಡದಿದ್ರೆ ಮಾತ್ರ ಹೆಪ್ಪು."

"ಇದು ಮೊಸರಲ್ಲ ಮಗಾ, ಮದ್ದು."

"ನೋ! ಇದೂ ಹೆಪ್ಪೇ, ಹೊಟ್ಟೆಗೆ ಹಾಕುವ ಹೆಪ್ಪು. ಮಮ್ಮಿ ಹೇಳಿದ್ಳು. ನೀನೇ ಕೊಡು ಅಂತ ನಾನಂದ್ರೆ, ಹೆಪ್ಪಿನ ವಿಷಯ ಅಜ್ಜಿಗೇ ಗೊತ್ತಿರೋದು, ಅವ್ರೇ ಕಲಸ್ಬೇಕು ಅಂದ್ಳು."

ಸುಂದರಮ್ಮ ಮಗುವಿನ ಕಣ್ಣೆದುರು ಬೇರೇನೂ ತೋಚದೆ ಬೆರಳನ್ನು ಲೋಟದಲ್ಲಿ ಅದ್ದಿದಳು. ಹಲ್ಲು ಕಚ್ಚಿ ತೆಗೆದು, ಲೋಟವನ್ನು ಮೋರಿಗೆ ಚೆಲ್ಲಿ, ನೀರು ಆರುವವರೆಗೆ ಕಾದು ಇನ್ನೊಂದು ಪೊಟ್ಟಣ ಹರಿದಳು.

ಸಂಜೆ ಪೂರ್ವಿ ಅತ್ತೆಯ ಬೆರಳಿನ ಬೊಬ್ಬೆ ನೋಡಿ ಗಾಬರಿಯಾದಳು. "ಅಯ್ಯೋ, ಇದೇನಾಯ್ತು ಅತ್ತೆ?"

ಸುಂದರಮ್ಮ ಬೆರಳನ್ನು ಸೆರಗಿನಲ್ಲಿ ಮುಚ್ಚುವಷ್ಟರಲ್ಲಿ ಮಾನ್ಯಳೇ ಹೇಳಿದಳು:

"ಅಜ್ಜಿ ಹೆಪ್ಪಿಗೆ ಬಿಸಿ ನೋಡಿದ್ದು ಮಮ್ಮಿ. ಸ್ವಲ್ಪ ಲೇಟಾಗಿ."