ಸೀಸೆಯಲ್ಲಿದ್ದ ಸಂಜೆ

ಗುರುಸಿದ್ದವ್ವ ಕೊಟ್ಟ ನೆನಪು, ಕೆಳಗಿನ ಕೋರ್ಟು ನೋಡಿ ಮತ್ತೆ ಅರಗಿನ ಮುದ್ರೆ ಹಾಕಿದ ಸೀಸೆಯಲ್ಲಿ, ಮೇಲಿನ ಕೋರ್ಟಿನ ಮೇಜಿನ ಮೇಲಿತ್ತು. ಸಾಕ್ಷಿ ಹೇಳುವವರೆಲ್ಲ ಹಾಗೆ ನೆನಪನ್ನು ತಲೆಯಿಂದ ತೆಗೆಸಿಯೇ ಕೊಡಬೇಕು. ಕೊಟ್ಟದ್ದು ಮರಳಿ ಬಾರದು. ಕೊಲೆಯಾದ ಸಂಜೆ ಅವಳ ಮಗ ಫಕೀರಪ್ಪ ಎಲ್ಲಿದ್ದನೆಂಬುದು ಅದರೊಳಗಿತ್ತು. ಮೇಲ್ಮನವಿಯಲ್ಲಾದರೂ ಮುದ್ರೆ ಒಡೆದು ನೋಡಿ ನಂಬಿಯಾರೆಂದು ಮುದುಕಿ ಕಾದಿದ್ದಳು.

ನ್ಯಾಯಾಧೀಶರು ಅದನ್ನು ಮುಟ್ಟಲೂ ಇಲ್ಲ. "ಕೆಳಗಿನ ಕೋರ್ಟು ತಾಯಿಯ ನೆನಪನ್ನು ನೋಡಿಯೂ ನಂಬಿಲ್ಲ, ಆರೋಪಿಯನ್ನು ಕೊಲೆಯ ಜಾಗದಲ್ಲಿ ಕಂಡ ನೆರೆಯವನ ನೆನಪನ್ನು ನಂಬಿದೆ. ಶಿಕ್ಷೆಗೆ ಅಷ್ಟು ಪುರಾವೆ ಸಾಕೇ ಎಂಬುದಷ್ಟೇ ನಮ್ಮ ಮುಂದಿನ ಪ್ರಶ್ನೆ. ಸಾಕು. ಮತ್ತೆ ತೂಗಿ ನೋಡುವುದು ನಮ್ಮ ಕೆಲಸವಲ್ಲ," ಎಂದರು.

ಪೊಲೀಸರು ಕರೆದೊಯ್ಯುವಾಗ ಫಕೀರಪ್ಪ ಅವ್ವನ ಮುಂದೆ ನಿಂತ. "ಯವ್ವಾ, ಮಂದಿ ಏನರ ಅನ್ಲಿ. ಅವತ್ತ ಸಂಜಿಕೆ ನಾ ಮನ್ಯಾಗ ನಿನ್ನ ಕಾಲಿಗೆ ಎಣ್ಣಿ ತಿಕ್ಕಕೊಂತ ಕುಂತಿದ್ದೆ. ನಿನಗರ ಗೊತ್ತೈತಲ್ಲ?"

ಗುರುಸಿದ್ದವ್ವ ತಡಕಾಡಿದಳು. ಮಧ್ಯಾಹ್ನ ರೊಟ್ಟಿ ಬಡಿದದ್ದು ನೆನಪಿತ್ತು, ಮರುದಿನ ಪೊಲೀಸರು ಬಾಗಿಲು ಬಡಿದದ್ದು ನೆನಪಿತ್ತು. ನಡುವೆ ಏನೂ ಇರಲಿಲ್ಲ.

"ಗೊತ್ತೈತಪ್ಪಾ," ಎಂದಳು.

ಮಗನಿಗಾಗಿ ಅವಳು ಹೇಳಿದ ಮೊದಲ ಸುಳ್ಳು ಅದು. ಅವನು ನಂಬಿದ.